ಸುಬ್ಬಯ್ಯನವರ ಹೋಟೆಲಿನ ನೀರು

ಮರಾಠಿ ಸೀಮೆಯ ಧನಕವಡಿಯಲ್ಲಿದ್ದ ಸುಬ್ಬಯ್ಯನವರ ಹೋಟೆಲಿನಲ್ಲಿ ಮಧ್ಯಾಹ್ನ ಕೂರಲು ಜಾಗ ಸಿಗುತ್ತಿರಲಿಲ್ಲ. ಎದುರಿನ ಇಂಜಿನಿಯರಿಂಗ್ ಕಾಲೇಜಿನ ಹುಡುಗರೆಲ್ಲ ಅಲ್ಲೇ ಉಣ್ಣುತ್ತಿದ್ದರು. ಸಿವಿಲ್ ಓದುವ ಅಂಬಾದಾಸ ಒಂದು ದಿನ ಹೊಸ ಟಿಡಿಎಸ್ ಮೀಟರನ್ನು ಜೇಬಿನಲ್ಲಿಟ್ಟುಕೊಂಡು ಊಟಕ್ಕೆ ಹೋದ. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ, ಪೆನ್ನಿನಷ್ಟುದ್ದದ ಸಾಧನ ಅದು. ಕೈಗೆ ಉಪಕರಣ ಬಂದ ಮೇಲೆ ಇಂಜಿನಿಯರು ಸುಮ್ಮನೆ ಕೂರುವುದುಂಟೇ? ಲೋಟದಲ್ಲಿ ಅದ್ದಿದ. ನಾನೂರ ಮೂವತ್ತು ತೋರಿಸಿತು. ಮೊಬೈಲಿನಲ್ಲಿ ಹುಡುಕಿದರೆ, ಎಲ್ಲಕ್ಕಿಂತ ಮೇಲೆ ಬಂದ ಪುಟ ಮುನ್ನೂರು ದಾಟಿದರೆ ಅಪಾಯ ಎಂದಿತು. ಮೀಟರಿನ ಫೋಟೋದ ಕೆಳಗೆ ‘ಸುಬ್ಬಯ್ಯನವರ ಹೋಟೆಲಿನ ಈ ನೀರು ವಿಷ’ ಎಂದು ಬರೆದು ಕಾಲೇಜಿನ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟ.

ವಾರ ಕಳೆಯುವಷ್ಟರಲ್ಲಿ ಹೋಟೆಲು ಬಣಗುಟ್ಟತೊಡಗಿತು. ಅಂಬಾದಾಸನಿಗೆ ಊರನ್ನೇ ಉಳಿಸಿದ ಹೆಮ್ಮೆ.

ಕಾಲೇಜಿನ ಗ್ರಂಥಪಾಲಕಿ ಕೇತಕಿ ಮೇಡಂ ಮಾಹಿತಿ ಪರಿಶೀಲಿಸುವುದನ್ನು ಕಲಿಸಲು ಒಂದು ತರಗತಿ ನಡೆಸುತ್ತಿದ್ದರು. ಹುಡುಗರು ಹೋಗುತ್ತಿದ್ದುದು ಹಾಜರಿಗಾಗಿ. ನೀವೇ ಹಂಚಿದ ಒಂದು ಸುದ್ದಿಯನ್ನು ತೆಗೆದುಕೊಳ್ಳಿ, ಅದನ್ನು ಬರೆದವರು ಯಾರು, ಯಾವ ಆಧಾರದ ಮೇಲೆ ಬರೆದರು ಎಂದು ಹುಡುಕಿ, ಎಂದು ಅವರು ಒಂದು ದಿನ ಹೇಳಿದರು. ಅಂಬಾದಾಸ ಎದೆಯುಬ್ಬಿಸಿ ತನ್ನ ನೀರಿನ ಸುದ್ದಿಯನ್ನೇ ಆರಿಸಿಕೊಂಡ.

ಆ ಪುಟವನ್ನು ಅವನು ಕೊನೆಯವರೆಗೆ ಓದಿದ್ದು ಅಂದೇ ಮೊದಲು. ಬರೆದವರು ನೀರು ಶುದ್ಧೀಕರಿಸುವ ಯಂತ್ರ ಮಾರುವವರು! ಕುಡಿಯುವ ನೀರಿನ ಭಾರತೀಯ ಮಾನಕವನ್ನು ಹುಡುಕಿ ತೆಗೆದರೆ, ಅದರಲ್ಲಿ ಐನೂರರವರೆಗೆ ಅಡ್ಡಿಯಿಲ್ಲ ಎಂದಿತ್ತು. ಅವನ ಮುಖ ಸಪ್ಪಗಾಯಿತು.

ಗುಂಪಿನ ಅಡ್ಮಿನ್‌ಗೆ ಹೇಳಿ ಸದ್ದಿಲ್ಲದೆ ತೆಗೆಸಿಬಿಡು, ನೌಕರಿಯ ಸಂದರ್ಶನಗಳು ಹತ್ತಿರ ಬಂದಿವೆ, ಈಗ ನಗೆಪಾಟಲಾಗಬೇಡ ಎಂದು ಗೆಳೆಯ ಅಮೋಘ ಮರಾಠಿಯಲ್ಲಿ ಬುದ್ಧಿ ಹೇಳಿದ. ಅವನ ಮಾತಿನಲ್ಲೂ ಹುರುಳಿತ್ತು. ಆದರೆ ಅಳಿಸಿದರೆ, ಹೋದ ಗಿರಾಕಿಗಳು ತಿರುಗಿ ಬರುತ್ತಾರೆಯೇ? ಅಂಬಾದಾಸ ನೆಟ್ಟಗೆ ಹೋಟೆಲಿಗೆ ಹೋದ. ಗಲ್ಲಾದಲ್ಲಿ ಸುಬ್ಬಯ್ಯ ಒಬ್ಬರೇ ಕೂತಿದ್ದರು. ಅಡುಗೆಯವನನ್ನು ಊರಿಗೆ ಕಳಿಸಿದ್ದಾಗಿತ್ತು. ಹೀಗೇ ಆದರೆ ತಿಂಗಳ ಕೊನೆಗೆ ಬಾಗಿಲು ಹಾಕುವುದೆಂದು ಅವರು ತೀರ್ಮಾನಿಸಿದ್ದರು.

“ಕಾಕಾ, ಆ ಮೆಸೇಜ್ ಹಾಕಿದಾಂವ ನಾನರಿ. ತಪ್ಪಾಗೇದ.”

ಸುಬ್ಬಯ್ಯ ಗಲ್ಲಾದ ಡ್ರಾಯರು ಮುಚ್ಚಿದರು. “ಮೂರು ವರ್ಷ ಇಲ್ಲೇ ಊಟ ಮಾಡಿದ್ದೀಯಲ್ಲ ಮಾರಾಯ. ಒಂದು ಮಾತು ನನ್ನ ಹತ್ರ ಕೇಳ್ಲಿಕ್ಕೆ ಆಗ್ಲಿಲ್ವಾ?”

ಅಂಬಾದಾಸನ ತಲೆ ನಾಚಿಕೆಯಿಂದ ತಗ್ಗಿತು. ಅಲ್ಲಿಯೇ ಕೂತು ಗುಂಪಿಗೆ ಬರೆದ: ಹಿಂದಿನ ಸುದ್ದಿ ಹಾಕಿದ್ದು ನಾನು, ಅಂಬಾದಾಸ. ಅದು ತಪ್ಪು. ಆ ಅಂಕಿಯಿಂದ ನೀರು ಕೆಟ್ಟದ್ದೆಂದು ಸಾಬೀತಾಗುವುದಿಲ್ಲ.

ಅವನು ‘ವಿಷ’ ಎಂದಾಗ ಗುಂಪಿನಲ್ಲಿ ಒಬ್ಬನೂ ಪುರಾವೆ ಕೇಳಿರಲಿಲ್ಲ. ಈಗ ಮಾತ್ರ ತಕ್ಷಣ ಸಾಲುಸಾಲಾಗಿ ಪ್ರಶ್ನೆಗಳು ಬಂದವು. ಯಾರು ಹೇಳಿದ್ದು? ಹೋಟೆಲಿನವರು ಎಷ್ಟು ದಿನ ಪುಕ್ಕಟೆ ಊಟ ಹಾಕುತ್ತಾರೆ?

ಅಂಬಾದಾಸನಿಗೆ ಸಿಟ್ಟು ನೆತ್ತಿಗೇರಿತು, ಆಮೇಲೆ ಇಳಿಯಿತು. ಮಾನಕದ ಪುಟವನ್ನು ಕಳಿಸಿ, ಅದರ ಕೆಳಗೆ ಬರೆದ: “ನನ್ನ ಮಾತು ನಂಬಬೇಡಿ. ಇದನ್ನು ನೀವೇ ತೆಗೆದು ಓದಿ.”