ಹೆಸರು ಕಾಣದ ಪ್ರಶ್ನೆ

ತರಗತಿಯ ಗೋಡೆಯ ಮೇಲೆ ಆ ಸಾಲು ಮೂಡಿದ್ದೇ ತಡ, ಹಿಂದಿನ ಬೆಂಚಿನಿಂದ ನಗು ಶುರುವಾಯಿತು. 'ಸಾರ್, ಎಲ್ಲಾ ಬರೆದುಕೊಂಡೆ. ಏನೂ ಅರ್ಥವಾಗಲಿಲ್ಲ. ದಯವಿಟ್ಟು ಮೊದಲಿನಿಂದ ಹೇಳಿ' ಎಂದು ಹರಕು ಇಂಗ್ಲಿಷಿನಲ್ಲಿತ್ತು.

"ಯಾರ್ ಡೀ ಇದು, ಸರಿಯಾದ ಮಕ್ಕು, ಶುದ್ಧ ದಡ್ಡ!" ಪಕ್ಕದಲ್ಲಿ ಕೂತ ಗೆಳತಿ ವಂದನಾ ಪಕ್ಕೆ ತಿವಿದಳು. ಸೌಂದರ್ಯಾಳೂ ನಕ್ಕಳು. ನಗುತ್ತಲೇ ಕೈಯಗಲದ ಕಂಪ್ಯೂಟರನ್ನು ಮಡಿಲಲ್ಲಿ ಬೋರಲು ಹಾಕಿ, ಅದರ ಕಡ್ಡಿಯಂಥ ಪೆನ್ನನ್ನು ಗೂಡಿಗೆ ಸೇರಿಸಿದಳು.

ರಘುರಾಮ ಮೇಷ್ಟ್ರು ನಗಲಿಲ್ಲ. ಬೋರ್ಡು ಒರೆಸಿ ಟ್ರಾನ್ಸಿಸ್ಟರಿನ ಚಿತ್ರವನ್ನು ಮೊದಲಿನಿಂದ ಬರೆದರು, ಈ ಸಲ ನಿಧಾನವಾಗಿ. ನಕ್ಕವರೆಲ್ಲ ತಲೆ ತಗ್ಗಿಸಿ ಬರೆದುಕೊಂಡರು. ವಂದನಾಳೂ.

ತಾಂಬರಂ ದಾಟಿ ಬಯಲಿನಲ್ಲಿ ನಿಂತ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೌಂದರ್ಯಾಳಿಗೆ ಇದು ಎರಡನೇ ವರ್ಷ. ಅಪ್ಪ ಸೋಮಲಿಂಗಪ್ಪ ಕೋಯಂಬೇಡಿನಲ್ಲಿ ಈರುಳ್ಳಿ ಮಂಡಿ ಹಾಕಿದ ಮೇಲೆ ಮನೆಯವರೆಲ್ಲ ಚಿತ್ರದುರ್ಗದಿಂದ ಇಲ್ಲಿಗೆ ಬಂದಿದ್ದರು. ಹತ್ತನೆಯವರೆಗೆ ಕನ್ನಡದಲ್ಲೇ ಓದಿದ ಹುಡುಗಿ. ಇಲ್ಲಿ ಪಾಠ ಇಂಗ್ಲಿಷಿನಲ್ಲಿ, ನಗು ತಮಿಳಿನಲ್ಲಿ. ಮೊದಲ ವರ್ಷ ಒಮ್ಮೆ ಅನುಮಾನ ಕೇಳಲು ಎದ್ದು, ಮಾತು ಅರ್ಧಕ್ಕೇ ನಿಂತು ಕೂತವಳು ಮತ್ತೆ ಎದ್ದಿರಲಿಲ್ಲ.

ಈ ವರ್ಷ ಒಂದು ಕಂಪನಿಯವರು ಆ ತರಗತಿಗಷ್ಟೇ ಈ ಪುಟ್ಟ ಯಂತ್ರಗಳನ್ನು ಕೊಟ್ಟು ನೋಡುತ್ತಿದ್ದರು. ತಂತಿಯಿಲ್ಲ. ಕೂತಲ್ಲೇ ಅಕ್ಷರ ಒತ್ತಿದರೆ ಪ್ರಶ್ನೆ ಹೋಗಿ ಗೋಡೆಯ ಮೇಲೆ ಬೀಳುತ್ತಿತ್ತು. ಹಂಚಿದ ದಿನ ಅವಳು ಕೈಚಾಚಲು ಹಿಂಜರಿದಾಗ, ಮೈಸೂರಿನವರಾದ ರಘುರಾಮ ಮೇಷ್ಟ್ರು ಕನ್ನಡದಲ್ಲೇ ಹೇಳಿದ್ದರು: "ಧೈರ್ಯವಾಗಿ ಕೇಳಮ್ಮ. ಯಾರು ಕೇಳಿದ್ದು ಅಂತ ಯಾರಿಗೂ ಕಾಣಿಸಲ್ಲ. ನನಗೂ ಅಷ್ಟೇ."

ಆ ಮಾತನ್ನು ನಂಬಿ ಅವಳು ಕೇಳತೊಡಗಿದಳು. ಸಣ್ಣದು, ದೊಡ್ಡದು, ಕೇಳಿದರೆ ಮಾನ ಹೋಗುವಂಥದ್ದು ಎಲ್ಲವನ್ನೂ ಕೇಳಿದಳು. ಗೋಡೆಗೆ ಬಿದ್ದ ಪ್ರಶ್ನೆಗೆ ಮೇಷ್ಟ್ರಿಂದ ಉತ್ತರ ಬಂದಂತೆ ಪಾಠ ತಲೆಗೆ ಹತ್ತಿತು. "ಏನವ್ವಾ, ಈಗೀಗ ಮಖ ಗೆಲುವಾಗೈತಲ್ಲ," ಎಂದು ಅಪ್ಪ ಊಟಕ್ಕೆ ಕೂತಾಗ ಕೇಳಿದ್ದ.

ಕಂಪನಿಯವರು ನೋಡಲು ಬರುವ ಹಿಂದಿನ ದಿನ ಮೇಷ್ಟ್ರು ಎಲ್ಲರನ್ನೂ ಎಚ್ಚರಿಸಿದ್ದರು: ಅವರು ಒಪ್ಪಿದರೆ ಇಡೀ ಕಾಲೇಜಿಗೆ ಕೊಡುತ್ತಾರೆ, ಇಲ್ಲವಾದರೆ ಇವನ್ನೂ ವಾಪಸ್ಸು ಒಯ್ಯುತ್ತಾರೆ. ಮರುದಿನ ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವಾಗ ಸೌಂದರ್ಯಾ ಅದೊಂದನ್ನೇ ಬೇಡಿಕೊಂಡಳು, ಒಯ್ಯದಿರಲಿ ಎಂದು.

ತರಗತಿಯಲ್ಲಿ ಪ್ರಿನ್ಸಿಪಾಲರ ಪಕ್ಕದಲ್ಲಿ ಕೂತ ಕಂಪನಿಯ ಹೆಂಗಸು ಎಲ್ಲ ನೋಡಿದ ಮೇಲೆ ಕೇಳಿದಳು, "ಜಾಣರು ಹೇಗೂ ಕೇಳುತ್ತಾರೆ. ಬಾಯಿ ಬಿಡದವರು ಇದರಿಂದ ಕೇಳಿದ್ದಾರೆ ಎನ್ನುವುದಕ್ಕೆ ಏನು ಗುರುತು?"

ಮೇಷ್ಟ್ರ ಕಣ್ಣು ಬೆಂಚುಗಳ ಮೇಲೆ ಹರಿದು ಒಂದು ಕಡೆ ನಿಂತಿತು. "ಸೌಂದರ್ಯಾ, ಎದ್ದೇಳಮ್ಮ." ಆಮೇಲೆ ಇಂಗ್ಲಿಷಿನಲ್ಲಿ, ಹೆಮ್ಮೆಯಿಂದ, "ಹೋದ ವರ್ಷವೆಲ್ಲ ಮೂಕಿಯ ಹಾಗಿದ್ದಳು. ಈಗ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಇವಳದೇ."

ಅವಳು ಎದ್ದಳು. ವಂದನಾ ತಲೆಯೆತ್ತಿ ನೋಡುತ್ತಿರುವುದು ತಿರುಗದೆಯೇ ತಿಳಿಯಿತು.

"ನಾನಲ್ಲ ಸಾರ್."

"ನಾಚ್ಕೋಬೇಡಮ್ಮ."

"ನಾನ್ ಕೇಳಿಲ್ಲ ಸಾರ್."

ಹೆಂಗಸು ಪೆನ್ನಿನ ಮುಚ್ಚಳ ಹಾಕಿದಳು. ಮೇಷ್ಟ್ರು ಸೌಂದರ್ಯಾಳನ್ನು ನೋಡಿದರು, ಪ್ರಿನ್ಸಿಪಾಲರನ್ನು ನೋಡಿದರು. ಬಗ್ಗಿ ತಮ್ಮ ಲ್ಯಾಪ್‌ಟಾಪಿನಲ್ಲಿ ಏನನ್ನೋ ಒತ್ತಿದರು.

'ಎಲ್ಲಾ ಬರೆದುಕೊಂಡೆ. ಏನೂ ಅರ್ಥವಾಗಲಿಲ್ಲ.' ಹಳೆಯ ಸಾಲು ಗೋಡೆಗೆ ಬಂತು. ಈ ಸಲ ಅದರ ಪಕ್ಕದಲ್ಲಿ, ಅಪ್ಪನ ಹೆಸರಿನ ಮೊದಲಕ್ಷರ ಸಮೇತ, ಅವಳ ಹೆಸರಿತ್ತು.

ಬಂದವರು ಚಪ್ಪಾಳೆ ತಟ್ಟಿದರು. ಹಿಂದಿನ ಬೆಂಚಿನವರು ಅದಕ್ಕಿಂತ ಜೋರಾಗಿ ತಟ್ಟಿದರು.

"ನನ್ ಹತ್ರಾನಾದ್ರೂ ಹೇಳಿರಬಾರ್ದಾ ಡೀ?" ವಂದನಾ ಪುಸ್ತಕಗಳನ್ನು ಎದೆಗೊತ್ತಿಕೊಂಡು ಸರಿದು ಕೂತಳು. "ನಿನ್ ಪಕ್ಕಾನೇ ಕೂತು ನಿನ್ನೇ ಮಕ್ಕು ಅಂದಿದ್ದೀನಿ. ನೀನೂ ನಕ್ಕಿ. ಅಯ್ಯೋ, ನಾನೇ ಮಕ್ಕು, ಪೋ!"

ಕಾರಿಡಾರಿನಲ್ಲಿ ಮೇಷ್ಟ್ರು ಬೇಗ ಬೇಗ ನಡೆದು ಬಂದರು. ಮುಖ ಬೆವರಿ ಹೊಳೆಯುತ್ತಿತ್ತು. "ನಿನ್ನಿಂದ್ಲೇ ಒಪ್ಕೊಂಡ್ರಮ್ಮ. ಕಾಲೇಜಿಗೆಲ್ಲ ಬರುತ್ತೆ."

"ನಿಮಗೆ ಮೊದ್ಲಿಂದ್ಲೂ ಕಾಣಿಸ್ತಿತ್ತಾ ಸಾರ್?"

"ಮೇಷ್ಟ್ರಿಗೆ ಕಾಣದೆ ಹೇಗಮ್ಮ?" ಅವರು ನಕ್ಕರು. "ಹಾಗೆ ಹೇಳ್ದಿದ್ರೆ ನೀನು ಕೇಳ್ತಿದ್ಯಾ? ಹೇಳು. ಕೇಳ್ತಿದ್ಯಾ?"

ದೂರದಲ್ಲಿ ತಾಂಬರಂ ಕಡೆಗೆ ಹೊರಟ ಎಲೆಕ್ಟ್ರಿಕ್ ಟ್ರೇನು ಕೂಗಿತು.

ಮುಂದಿನ ತರಗತಿಯಲ್ಲಿ ರಘುರಾಮ ಮೇಷ್ಟ್ರು ಹೊಸ ಪಾಠ ಹೇಳಿ ಮುಗಿಸಿ, ಕೈಯ ಸೀಮೆಸುಣ್ಣ ಕೊಡವಿ, ಗೋಡೆಯತ್ತ ತಿರುಗಿದರು. "ಡೌಟ್ಸ್?" ಗೋಡೆಯ ಮೇಲೆ ಬರಿಯ ಬಿಳಿ ಬೆಳಕು ಚೌಕವಾಗಿ ಬಿದ್ದಿತ್ತು. ಅದರೊಳಗೆ ಒಂದು ಹಲ್ಲಿ. ಅವರು ಕಾದರು. ಹಿಂದಿನ ಬೆಂಚಿನವರಲ್ಲಿ ಕೆಲವರು ಸೌಂದರ್ಯಾಳ ಬೆನ್ನನ್ನೇ ನೋಡುತ್ತಿದ್ದರು. ಅವರ ನೋಟ್ಸೂ ಅರ್ಧಕ್ಕೇ ನಿಂತಿತ್ತು.

ಅವಳ ಯಂತ್ರ ಚೀಲದೊಳಗಿತ್ತು. ಕೈಯಲ್ಲಿ ಕಡ್ಡಿಪೆನ್ನು ಮಾತ್ರ. ಅದು ಬೆಂಚಿನ ಮರದ ಮೇಲೆ ಮೆಲ್ಲಗೆ ಆಡುತ್ತಿತ್ತು, ಒಂದು ಸಾಲು ಉದ್ದಕ್ಕೆ, ಕೊನೆಯಲ್ಲಿ ಒಂದು ಪ್ರಶ್ನೆಚಿಹ್ನೆ. ಮರದ ಮೇಲೆ ಏನೂ ಮೂಡಲಿಲ್ಲ.