ಅರ್ಧ ಬೆರಳಿನ ದಲಾಲ

ಎತ್ತಿನ ಮೈಮೇಲೆ ಕೈ ಇಟ್ಟ ಕ್ಷಣವೇ ಮೋರಟಗಿಯ ದಾವಲಮಲಿಕ ಕಣ್ಣು ಮುಚ್ಚಿಬಿಡುತ್ತಿದ್ದ. ಹೆಗಲಿನಿಂದ ಬೆನ್ನಿಗೆ, ಬೆನ್ನಿನಿಂದ ಬಾಲದ ಬುಡಕ್ಕೆ ಅವನ ಅಂಗೈ ಸಾವಕಾಶ ಹರಿಯುವಾಗ, ಸುತ್ತಲಿನ ಸಂತೆಯ ಗದ್ದಲವೆಲ್ಲ ಬೇರೆ ಯಾವುದೋ ಊರಿನದೆಂಬಂತೆ ಮುಖ ಪ್ರಶಾಂತವಾಗಿರುತ್ತಿತ್ತು. ಕಣ್ಣು ತೆರೆದನೆಂದರೆ ತೀರ್ಪು ಸಿದ್ಧ: ಮುಂಗಾಲು ಒಮ್ಮೆ ಉಳುಕಿದೆ, ಎಡಗಿವಿ ಮಂದ, ಹೇಳಿದ್ದಕ್ಕಿಂತ ಎರಡು ವರ್ಷ ಹೆಚ್ಚು ವಯಸ್ಸು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ದನದ ಸಂತೆಗಳಲ್ಲಿ ಅರವತ್ತು ವರ್ಷ ದಲಾಲಿ ಮಾಡಿದ ಈ ಮನುಷ್ಯನಿಗೆ ಕಡುಬೇಸಿಗೆಯಲ್ಲೂ ಮೈಮೇಲೊಂದು ಕರಿಯ ಕೋಟು ಬೇಕು. ಕೋಟಿನ ಒಳಜೇಬಿನಲ್ಲಿ ಮಡಿಸಿಟ್ಟ ಬಿಳಿಯ ಟವೆಲು ಬೇಕು. ಆ ಟವೆಲಿನಡಿ ಕೈಗೆ ಕೈ ಸೇರಿಸಿ, ಬೆರಳು ಅಮುಕಿ, ಬಾಯಿಂದ ಒಂದಂಕಿಯನ್ನೂ ಆಡದೆ ಬೆಲೆ ಗೊತ್ತುಮಾಡುವುದು ಅವನ ಕಸುಬು. ಬಲಗೈಯ ತೋರುಬೆರಳು ಅರ್ಧವೇ ಇತ್ತು. ಅದನ್ನು ಅಮುಕಿದರೆ ಅರ್ಧ ಸಾವಿರವೆಂದು ಸಂತೆಯವರೆಲ್ಲ ಒಪ್ಪಿಕೊಂಡಿದ್ದರು. ಉಳಿದರ್ಧ ಎಲ್ಲಿ ಹೋಯಿತೆಂದು ಯಾರಾದರೂ ಕೇಳಿದರೆ, "ಮುದ್ದೇಬಿಹಾಳ ಸಂತ್ಯಾಗ ಬಿಟ್ಟ ಬಂದೇನಿ" ಎಂದು ನಗುತ್ತಿದ್ದ, ಮುಂದಕ್ಕೆ ಹೇಳುತ್ತಿರಲಿಲ್ಲ.

ಇಂಥವನ ಪಾಲಿಗೆ ಇಳಿವಯಸ್ಸಿನಲ್ಲಿ ಒಂದು ವಿಮಾನ ಮಾರಿಸುವ ಕೆಲಸ ಬಂತು.

ಊರಿನ ರಾಮವ್ವನ ತಮ್ಮ ಯಲ್ಲಾಲಿಂಗ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಮುಚ್ಚಿಹೋದ ಯಾವುದೋ ಕ್ಲಬ್ಬಿನಿಂದ ಎರಡೇ ಆಸನದ ಹಳೆಯ ವಿಮಾನವೊಂದನ್ನು ಕೊಂಡು, ಲೈಸೆನ್ಸು ಪಡೆದು, ಇಂಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯವರ ರನ್‌ವೇ ಮೇಲೆ ಹನ್ನೊಂದು ವರ್ಷ ಹಾರಿಸಿದ್ದ. ಆಮೇಲೆ ಕಣ್ಣು ಮಂಜಾಯಿತು, ಪರವಾನಗಿ ಹೋಯಿತು. ಗುಜರಿಯವರು ಬಂದು ಅದನ್ನು ತೂಕಕ್ಕೆ ಕೇಳಿದ ದಿನ ಅವನು ಉಣ್ಣಲಿಲ್ಲ. ಹಾರುವವರ ಕೈಗೇ ಅದು ಹೋಗಬೇಕೆಂಬುದು ಅವನ ಒಂದೇ ಹಟ.

ರಾಮವ್ವನ ಮಗ ಕಾಂತು ಸಿಂದಗಿಯಲ್ಲಿ ಕಾರುಗಳಿಗೆ ಸೀಟಿನ ಕವರು, ಬಣ್ಣ, ಬೆಳಕಿನ ಸಿಂಗಾರ ಮಾಡುವ ಅಂಗಡಿಯವನು. "ಮಾವಾ, ಹೊಸಾ ಬಣ್ಣ, ಹೊಸಾ ಸೀಟು, ಮುಂದ ಒಂದ ದೊಡ್ಡ ಟಚ್ ಸ್ಕ್ರೀನು. ಹಾಕಿದ್ದರ ಎರಡಪಟ್ಟ ಬರತೈತಿ" ಎಂದ ಅವನು. ಯಲ್ಲಾಲಿಂಗನಿಗೆ ಅತ್ತಲೂ ಮನಸ್ಸು, ಇತ್ತಲೂ ಅನುಮಾನ. "ದಾವಲಮಲಿಕ ಕಾಕಾನ ಕೇಳೂನು" ಎಂದ.

ಕಾಕಾ ವಿಮಾನ ನಿಂತಿದ್ದ ಶೆಡ್ಡಿಗೆ ಬಂದ, ಜೋಡು ಕಳಚಿದ, ಬರಿಗಾಲಲ್ಲಿ ವಿಮಾನವನ್ನು ಮೂರು ಸುತ್ತು ಹಾಕಿದ. ಮೂತಿಯ ಮುಚ್ಚಳ ತೆಗೆಸಿ ಇಂಜಿನನ್ನು ಮೂಸಿದ. ಆಮೇಲೆ ಕಣ್ಣು ಮುಚ್ಚಿ ಅದರ ಮೈಯುದ್ದಕ್ಕೂ ಕೈಯಾಡಿಸತೊಡಗಿದ. ಮೂಲೆಯಲ್ಲಿ ತೊಗರಿ ಹಸನುಮಾಡುತ್ತ ಕುಳಿತಿದ್ದ ರಾಮವ್ವ ಬೆರಗಾಗಿ ಬಾಯಿಗೆ ಸೆರಗು ಹಿಡಿದಳು.

"ಕಾಕಾ, ಅದು ಎತ್ತಲ್ಲರಿ!"

"ಗೊತ್ತೈತಿ ಬಿಡವಾ. ಎತ್ತಾಗಿದ್ರ ಇಷ್ಟೊತ್ತಿಗೆ ಒದ್ದಿರತಿತ್ತು."

ಟಚ್ ಸ್ಕ್ರೀನಿನ ಮಾತು ಕೇಳಿ ಅವನು ಕಾಂತುವಿನತ್ತ ತಿರುಗಿದ. "ಸಂತಿಗೆ ಹೊಡಕೊಂಡ ಹೋಗೋ ಎತ್ತಿಗೆ ಹಲ್ಲ ಕಟ್ಟಸ್ತೀಯೇನೋ? ತೊಗೊಂಡಾವ್ರು ತಮಗ ಬೇಕಾದ್ದ ಹಾಕ್ಕೋತಾರ. ಇಂಜನ್ ಬಿಚ್ಚಿ ತೋರ್ಸು, ಟೈರು ಬದಲ ಮಾಡು, ಮೈ ತೊಳಿ. ಸಾಕು."

"ಕಾಕಾ, ನೀವಿನ್ನೂ ದನದ ಕಾಲದಾಗ ಅದೀರಿ."

"ಹೌದಪಾ. ದನ ಸುಳ್ಳ ಹೇಳಂಗಿಲ್ಲ. ಮಾರಾವ್ರು ಹೇಳ್ತಾರ."

ಯಲ್ಲಾಲಿಂಗ ಟಚ್ ಸ್ಕ್ರೀನು ಬೇಡವೆಂದ, ಸೀಟು, ಬಣ್ಣ ಬೇಡವೆಂದ. ಆದರೆ ಅವನು ಕಣ್ಣಿನ ಆಪರೇಶನ್ನಿಗೆಂದು ಹೋಗಿ ಎಂಟು ದಿನಕ್ಕೆ ಮರಳಿದಾಗ, ಕಾಂತು ತನ್ನ ಅಂಗಡಿಯ ಪೇಂಟರನ್ನು ಕರೆತಂದು ಇಡೀ ವಿಮಾನಕ್ಕೆ ಹಾಲಿನಂಥ ಬಿಳಿಯ ಬಣ್ಣ ಬಳಿಸಿ, ನಡುವೆ ಕೆಂಪು ಪಟ್ಟಿ ಎಳೆಸಿದ್ದ. ಬೈಯಬೇಕೆಂದು ಬಾಯಿ ತೆರೆದ ಮಾವ, ಕಣ್ಣಿನ ಹಸಿರು ಪಟ್ಟಿ ಸರಿಸಿ ಅದನ್ನು ನೋಡಿ, "ಚಂದ ಆಗೇತಿ ಬಿಡು" ಎಂದ.

ಮರುವಾರ ಸೊಲ್ಲಾಪುರ ಕಡೆಯಿಂದ ಫಿರದೋಸ ಎಂಬ ಹೆಣ್ಣುಮಗಳು ಬಂದಳು, ಹಾರುವುದನ್ನು ಕಲಿಸುವವಳು. ಇಂಜಿನು ನೋಡಿದಳು, ಹನ್ನೊಂದು ವರ್ಷದ ಹಾರಾಟದ ಪುಸ್ತಕ ನೋಡಿದಳು, ಎಲ್ಲವೂ ಮನಸ್ಸಿಗೆ ಬಂತು. ಒಂದು ಸುತ್ತು ಹಾರಿಸಿ ನೋಡಿ ಬೆಲೆ ಹೇಳುತ್ತೇನೆಂದಳು. ಪಕ್ಕದ ಆಸನಕ್ಕೆ ಕಾಂತು ಕರಿಕನ್ನಡಕ ಹಾಕಿಕೊಂಡು ತಯಾರಾಗಿ ನಿಂತಿದ್ದ.

"ಅವ್ವಾ, ಮ್ಯಾಲಿಂದ ನಿನಗ ಕೈ ಮಾಡ್ತೇನಿ, ನೋಡ್ಕೋತಿರು."

ರಾಮವ್ವ ಬಾಗಿ ಗಾಲಿಗೆ ಕುಂಕುಮ ಹಚ್ಚುತ್ತಿದ್ದಳು. ಆಗ ದಾವಲಮಲಿಕ, "ತಡೀರಿ. ಹೊಸಾ ತೊಗಲ ಬಂದೈತಿ, ಮತ್ತೊಮ್ಮೆ ಕೈ ಆಡಸ್ತೇನಿ" ಎಂದು ಜೋಡು ಕಳಚಿದ. ಎಲ್ಲರೂ ನಕ್ಕರು. ರೆಕ್ಕೆಗೆ ಆಸರೆಯಾದ ಕೋಲು ವಿಮಾನದ ಮೈಗೆ ಕೂಡುವಲ್ಲಿ ಅವನ ಅಂಗೈ ನಿಂತಿತು, ಹಿಂದಕ್ಕೆ ಹೋಯಿತು, ಮತ್ತೆ ಬಂದು ನಿಂತಿತು.

"ಹೋದ ಸಲ ಇಲ್ಲಿ ಜೋಡಣಿ ಸಂದ ಕೈಗೆ ಸಿಕ್ಕಿತ್ತು. ಈಗ ಸಪಾಟ ಆಗೇತಿ" ಎಂದವನೇ ಕೋಟಿನ ಜೇಬಿನಿಂದ ಅಡಕತ್ತರಿ ತೆಗೆದು, ನೋಡನೋಡುತ್ತಿದ್ದಂತೆ ಆ ಹಾಲಿನಂಥ ಬಣ್ಣವನ್ನು ಕೆರೆಯತೊಡಗಿದ.

"ಕಾಕಾ! ಏನ ಮಾಡಾಕತ್ತೀರಿ!" ಕಾಂತು ಚೀರಿದ. ಬಣ್ಣ ಸುರುಳಿಯಾಗಿ ಎದ್ದಿತು, ಅದರಡಿ ಮೆತ್ತಿದ್ದ ಪುಟ್ಟಿಯ ಲೇಪ ಪುಡಿಪುಡಿಯಾಗಿ ಉದುರಿತು, ಪುಟ್ಟಿಯಡಿ ಬರಿಯ ಲೋಹದ ಮೇಲೆ ಬೆರಳುದ್ದದ ಒಂದು ಕರಿಗೆರೆ ಕಂಡಿತು. ಫಿರದೋಸ ಮೊಣಕಾಲೂರಿ ಅದಕ್ಕೆ ಉಗುರು ಇಟ್ಟಳು. ಉಗುರು ಒಳಗೆ ಇಳಿಯಿತು.

"ರೆಕ್ಕಿ ಹಿಡಿಯೋ ಜಾಗ ಇದು. ಮ್ಯಾಲ ಹೋಗಿದ್ರ..." ಎಂದು ರೆಕ್ಕೆಯತ್ತ ತಲೆ ಎತ್ತಿದಳು.

"ಕಾಂತೂ, ನಿನಗ ಗೊತ್ತಿತ್ತೇನು?" ಯಲ್ಲಾಲಿಂಗ ಕೇಳಿದ.

"ಹಳೇ ಬಣ್ಣ ತಿಕ್ಕಿದಾಗ ಕಂಡೈತಿ ಅಂತ ಪೇಂಟರ್ ಹೇಳಿದ್ದ, ಮಾವಾ. ಎಳಿಯಷ್ಟ ಗೀರು ಅಂದ. ಕಾರಿಗೆ ಹಾಕಿದಂಗ ಪುಟ್ಟಿ ಹಾಕಿಸಿದ್ನಿ."

ರಾಮವ್ವನಿಗೆ ಮೊದಲು ಉಕ್ಕಿದ್ದು ಸಿಟ್ಟು. ಪರಸ್ಥಳದವರೆದುರು ಹೆತ್ತ ಮಗನ ಮಾನ ತೆಗೆದನಲ್ಲ ಈ ಮುದುಕ ಎಂದು. ಮರುಕ್ಷಣ ತೆರೆದ ಬಾಗಿಲಿನೊಳಗಿನ ಆ ಎರಡನೆಯ ಆಸನ ಕಣ್ಣಿಗೆ ಬಿತ್ತು. ಅವಳು ಆ ಆಸನವನ್ನು ನೋಡಿದಳು, ಕರಿಗೆರೆಯನ್ನು ನೋಡಿದಳು, ಮಗನನ್ನು ನೋಡಿದಳು. ಕುಂಕುಮದ ಕೈಯಲ್ಲೇ ಗಾಲಿ ಹಿಡಿದು ನೆಲಕ್ಕೆ ಕುಳಿತುಬಿಟ್ಟಳು.

ದಾವಲಮಲಿಕ ಬೈಯಲಿಲ್ಲ. ಬಲಗೈ ಎತ್ತಿ ಆ ಮೊಂಡು ಬೆರಳನ್ನು ಕಾಂತುವಿನ ಮುಖದ ಮುಂದೆ ಹಿಡಿದ. "ನಿನ್ನ ವಯಸ್ಸಿನಾಗ ಹಾಯೋ ಹೋರಿ ಒಂದ ಮಾರಿದ್ನಿ, ಗೊತ್ತಿದ್ದೂ ಹೇಳಲಿಲ್ಲ. ಮರುಸಂತಿಗೆ ತಿರುಗಿ ತಂದ್ರು. ಕಟ್ಟಾಕ ಹೋದ್ನಿ, ಹಗ್ಗದಾಗ ಸಿಕ್ಕು ಇದು ಹೋತು. ನಂದು ಅರ್ಧ ಬೆರಳಿನಾಗ ಮುಗೀತು, ತಮ್ಮಾ."

ಇಷ್ಟು ವರ್ಷ ನಗೆಯಲ್ಲಿ ಮುಚ್ಚಿಟ್ಟದ್ದು ಹೀಗೆ ಹೊರಬಿದ್ದಾಗ, ಕಾಂತು ಕರಿಕನ್ನಡಕ ತೆಗೆದು ಜೇಬಿಗಿಟ್ಟ.

ಎರಡು ತಿಂಗಳು ಹಿಡಿಯಿತು. ಸೀಳಿದ ಭಾಗ ತೆಗೆದು ಹೊಸದು ಕೂಡಿಸಿದರು. ಪರೀಕ್ಷೆಯ ಎಂಜಿನಿಯರು ಬಂದು ಸಹಿ ಹಾಕಿದ. ಅಷ್ಟೂ ದಿನ ಕಾಂತು ಅಂಗಡಿ ಮುಚ್ಚಿಕೊಂಡು ಮೆಕ್ಯಾನಿಕ್ಕನ ಪಕ್ಕದಲ್ಲೇ ನಟ್ಟು ತಿರುಗಿಸುವ ಪಾನಾ ಹಿಡಿದು ನಿಂತಿದ್ದ. ಫಿರದೋಸ ಮತ್ತೆ ಬಂದಳು.

"ಟಚ್ ಸ್ಕ್ರೀನು ಹಾಕಿದ್ರ ನಾನು ತಗಸ್ತಿದ್ದೆ. ಕಲಿಯೋರಿಗೆ ಮುಳ್ಳಿನ ಮೀಟರ ಬೇಕು" ಎಂದು ಕಾಂತುವಿಗೆ ಹೇಳಿ ನಕ್ಕಳು. ಹೊಸ ತುಂಡಿನ ಬರಿಲೋಹಕ್ಕೆ ಬಣ್ಣ ಬಳಿಯಲು ಬಂದವನನ್ನು ತಡೆದಳು: "ಅದು ಹಂಗ ಇರಲಿ. ಹುಡುಗರಿಗೆ ತೋರಸ್ತೇನಿ." ಆಮೇಲೆ ದಾವಲಮಲಿಕನ ಮುಂದೆ ಕೈಚಾಚಿದಳು. "ಟವೆಲ್ ತಗೀರಿ, ಕಾಕಾ."

ಮುದುಕ ಬೆಚ್ಚಿಬಿದ್ದ. ಅಷ್ಟು ವರ್ಷದಲ್ಲಿ ಆ ಟವೆಲಿನಡಿ ಹೆಣ್ಣಿನ ಕೈ ಬಂದಿರಲಿಲ್ಲ. ದಿಕ್ಕುತೋಚದೆ ರಾಮವ್ವನ ಮುಖ ನೋಡಿದ.

"ಹಿಡೀರಿ ಕಾಕಾ. ಯಾಪಾರಕ್ಕ ಬಂದೀರಿ, ಬೀಗತನಕ್ಕಲ್ಲ" ಎಂದಳು ರಾಮವ್ವ.

ಟವೆಲಿನಡಿ ಏನು ಅಮುಕಿದರೋ ಅವರಿಗೇ ಗೊತ್ತು. ಕಾಕಾ ಕಿವಿಯಲ್ಲಿ ಹೇಳಿದ್ದಕ್ಕೆ ಯಲ್ಲಾಲಿಂಗ ಒಪ್ಪಿ ತಲೆಯಾಡಿಸಿದ. ಫಿರದೋಸ ಕಾಂತುವನ್ನು ಪಕ್ಕ ಕೂರಿಸಿಕೊಂಡಳು. ವಿಮಾನ ಓಡಿತು, ಎದ್ದಿತು, ಪಕ್ಕದ ಕಬ್ಬಿನ ಹೊಲದ ಮೇಲೆ ಹೊರಳಿತು. ಬಣ್ಣವಿಲ್ಲದ ಆ ತುಂಡು ಬಿಸಿಲಿಗೆ ಒಮ್ಮೆ ಮಿಂಚಿತು. ಎರಡನೆಯ ಆಸನದಿಂದ ಕೈಯೊಂದು ಬೀಸಿದಂತಾಯಿತು. ರಾಮವ್ವನೂ ಕೈ ಎತ್ತಿದಳು.

ದಲಾಲನೆಂದರೆ ಲೋಕಕ್ಕೆ ಅನುಮಾನವೇ. ಆದರೆ ಒಮ್ಮೆ ಮುಚ್ಚಿಟ್ಟು, ಅದರ ನೋವನ್ನು ಮೈಮೇಲೆ ಹೊತ್ತು, ಉಳಿದ ಆಯುಷ್ಯವನ್ನೆಲ್ಲ ಮುಚ್ಚಿಟ್ಟದ್ದನ್ನು ತಡವಿ ಹುಡುಕುವುದರಲ್ಲೇ ಕಳೆಯುವ ಇಂಥವರೂ ಅದೇ ಸಂತೆಗಳಲ್ಲಿ ಇರುತ್ತಾರೆ. ಅವರು ಕೆಡಿಸಿದ ವ್ಯಾಪಾರಗಳು ಎಷ್ಟೋ, ಬೈಸಿಕೊಂಡದ್ದೂ ಅಷ್ಟೇ. ಆ ಕೆಟ್ಟ ವ್ಯಾಪಾರಗಳಿಂದಾಗಿ ಸಂಜೆ ಸುಖವಾಗಿ ಮನೆ ಸೇರಿ ಉಂಡು ಮಲಗಿದವರಿಗೆ ತಾವು ಯಾತರಿಂದ ಪಾರಾದೆವೆಂಬುದು ತಿಳಿಯುವುದೇ ಇಲ್ಲ. ರಾಮವ್ವನಿಗೆ ತಿಳಿಯಿತು. ಅಂದಿನಿಂದ ದಾವಲಮಲಿಕ ಮನೆಗೆ ಬಂದರೆ ಅವಳು ಮೊದಲು ರೊಟ್ಟಿ ಬಡಿಸುವುದು ಅವನಿಗೆ, ಆಮೇಲೆ ಮಗನಿಗೆ.