ಬಾಮೈದನ ತಲೆ

ಇಪ್ಪತ್ತಾರು ವರ್ಷ ಬಾಮೈದನ ತಲೆಗೆ ಬೇರೆಯವರ ಕತ್ತರಿ ಸೋಕಿರಲಿಲ್ಲ. ಮದುವೆಯಾದ ವಾರವೇ ಹೆಂಡತಿಯ ತಮ್ಮನನ್ನು ಕುರ್ಚಿಗೆ ಹತ್ತಿಸಿದ ಕ್ಷೌರದಂಗಡಿಯವನು ಅಲ್ಲಿಂದೀಚೆಗೆ ಒಂದು ತಿಂಗಳೂ ತಪ್ಪಿಸಿದವನಲ್ಲ. ಬಸ್ ಓಡಿಸುವ ಆ ಬಾಮೈದನ ಯಾವ ಕೂದಲು ಎತ್ತ ತಿರುಗುತ್ತದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ. ಈಗ ಅಂಗಡಿ ಮುಚ್ಚಿ, ಹೊಟ್ಟೆಯಲ್ಲಿ ಗಡ್ಡೆ ಇಟ್ಟುಕೊಂಡು ಕಿಟಕಿ ಪಕ್ಕದ ಮಂಚ ಹಿಡಿದಿದ್ದ. ಡಾಕ್ಟರು ಕೈಚೆಲ್ಲಿ ಮೂರು ತಿಂಗಳಾಗಿತ್ತು. ಮನೆಯಲ್ಲಿ ಮಾತ್ರ ಎಲ್ಲರ ಬಾಯಲ್ಲೂ ಒಂದೇ ಮಾತು: ಇನ್ನೇನು, ಮುಂದಿನ ತಿಂಗಳು ಅಂಗಡಿ ಬಾಗಿಲು ತೆಗೆಯಬಹುದು. ಅವನೂ ಹೂಂಗುಟ್ಟುತ್ತಿದ್ದ.

ನೋಡಲು ಬಂದವರ ಮುಖ ಅವನು ನೋಡುತ್ತಿರಲಿಲ್ಲ, ತಲೆ ನೋಡುತ್ತಿದ್ದ. ಎದುರು ಸಾಲಿನ ಕ್ಷೌರದಂಗಡಿಯವನ ಕೈಕೆಲಸ ಕಂಡರೆ ಗಡ್ಡೆಗಿಂತ ಜೋರಾಗಿ ಉರಿ ಏಳುತ್ತಿತ್ತು. ಹಳೇ ಗಿರಾಕಿ ಮೇಷ್ಟ್ರು ಆ ಕಡೆ ಸೇರಿದರು, ಟೈಲರೂ ಸೇರಿದ, ಹಾಳಾಗಲಿ. ಬಾಮೈದ ಮಾತ್ರ ಕಿವಿ ಮುಚ್ಚುವಷ್ಟು ಕೂದಲು ಬಿಟ್ಟುಕೊಂಡು ಬರುತ್ತಿದ್ದ. ಅದನ್ನು ಕಂಡ ದಿನ ರೋಗಿಗೆ ಎರಡು ತುತ್ತು ಹೆಚ್ಚು ಸೇರುತ್ತಿತ್ತು.

ಈ ಭಾನುವಾರ ಬಾಮೈದ ಮಟಮಟ ಮಧ್ಯಾಹ್ನ ಉಣ್ಣೆ ಟೋಪಿ ಹಾಕಿಕೊಂಡು ಬಂದ. ಶೀತವಂತೆ. ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು.

“ತೆಗಿಯೋ ಟೋಪಿ,” ಎಂದ ಮಂಚದಲ್ಲಿದ್ದವನು.

ಬಾಮೈದ ಅಕ್ಕನ ಮುಖ ನೋಡಿದ. ಅಕ್ಕ ನೆಲ ನೋಡಿದಳು. ಟೋಪಿ ಕೈಗೆ ಬಂತು. ಹಿಂಗತ್ತಿನಲ್ಲಿ ಮೆಷಿನ್ ಹಿಡಿದು, ಅಳತೆಪಟ್ಟಿ ಇಟ್ಟ ಹಾಗೆ ನೇರ ಹೊಡೆದಿದ್ದ ಎದುರು ಸಾಲಿನವನು.

ಭಾವ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ನನ್ನ ವಿಷಯದಲ್ಲಿ ಒಂದು ದಿನವೂ ಇಷ್ಟು ಹೊಟ್ಟೆಕಿಚ್ಚು ಪಟ್ಟವರಲ್ಲ ನೀವು, ಎಂದು ಹೆಂಡತಿ ನಗಿಸಲು ನೋಡಿದಳು. ನಗಲಿಲ್ಲ. ಡಿಪೋದಲ್ಲಿ ಸಾಹೇಬರು ಬೈದರು, ಪ್ರಯಾಣಿಕರು ಆಡಿಕೊಂಡರು ಎಂದು ಬಾಮೈದ ಏನೇನೋ ಒದರಿದ.

“ಮುಂದಿನ ತಿಂಗಳು ಅಂಗಡಿ ತೆಗೀಬಹುದು ಅಂತ ನೀನೇ ಅಂದಿದ್ದೆ. ಅಷ್ಟು ದಿನ ಕಾಯೋಕಾಗ್ಲಿಲ್ವಾ?”

ಬಾಮೈದ ಟೋಪಿ ಹಿಂಡುತ್ತ ಕೂತ. ಕೊನೆಗೆ ಹೇಳಿದ, “ನೀವು ತೆಗಿಯಲ್ಲ ಭಾವ. ನನಗೆ ಗೊತ್ತು. ನಿಮಗೂ ಗೊತ್ತು.”

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಇಷ್ಟು ದಿನ ಆ ಮನೆಯಲ್ಲಿ ಯಾರೂ ಆಡದೆ ಉಳಿಸಿದ್ದ ಮಾತು ಅದು. ಭಾವ ನಿಧಾನಕ್ಕೆ ಹೊರಳಿ, ಎದ್ದು ಕೂತು, ಕತ್ತರಿ ಕೇಳಿದ. ಬಾಮೈದ ನೆಲದ ಮೇಲೆ ಬೆನ್ನು ಕೊಟ್ಟು ಕೂತು ತಲೆ ಬಗ್ಗಿಸಿದ. ಹೆಂಡತಿ ಕತ್ತರಿ ತಂದುಕೊಟ್ಟಳು. ಎಡಗಿವಿಯ ಹಿಂದೆ ಆ ಮಹಾಶಯ ಬಿಟ್ಟಿದ್ದ ನಾಲ್ಕು ಕೂದಲು ಸಿಕ್ಕವು.

“ಈ ಜಾಗ ಅವನಿಗೆ ಹತ್ತು ವರ್ಷವಾದ್ರೂ ತಿಳಿಯಲ್ಲ,” ಎಂದ. ಅವನಿಗೆ ಹೇಳಿಕೊಡುವ ಮನಸ್ಸು ಬರಲಿಲ್ಲ. ಸ್ವಲ್ಪ ಹೊತ್ತು ಆ ಕತ್ತಿನ ಮೇಲೆ ಕೈ ಇಟ್ಟುಕೊಂಡೇ ಇದ್ದ.

“ತಿಂಗಳು ತುಂಬೋವರೆಗೂ ಕಾಯಬೇಡ ಕಣೋ. ಹದಿನೈದು ದಿನಕ್ಕೇ ಅವನ ಹತ್ರ ಹೋಗಿ ಮಾಡಿಸ್ಕೊಂಡು ಬಾ. ಏನೇನು ಕೆಡಿಸಿದ್ದಾನೆ ನೋಡ್ತೀನಿ.”